ತೂಕವಿಲ್ಲದ ಟರ್ಕಿ ಕೋಳಿ

"ನೋಡು ಸೆವ್ರಿನ್! ಒಂದು ಬದಿ ಕರಟುವುದು, ಇನ್ನೊಂದು ಬದಿ ಹಸಿ ಉಳಿಯುವುದು, ಆ ಕತೆಯೆಲ್ಲ ಇವತ್ತಿಗೆ ಮುಗೀತು!"

ಕ್ರಿಸ್ಮಸ್ ದಿನ ಬೆಳಿಗ್ಗೆ ಗಾಸ್ಪರ್ ಪೊರ್ಬುಗಳು ಮಂಗಳೂರಿನ ತಮ್ಮ ಅಡುಗೆಮನೆಯಲ್ಲಿ ಎದೆಯುಬ್ಬಿಸಿ ನಿಂತಿದ್ದರು. ಎದುರಿಗೆ ಹಳೆಯ ಫ್ರಿಜ್ಜಿಗೆ ಗಾಜಿನ ಬಾಗಿಲು ಕೂರಿಸಿ ಮಾಡಿದ ಅವರ ಹೊಸ ಓವನ್. ಒಳಗೆ ಮಸಾಲೆ ಮೆತ್ತಿದ ಇಡೀ ಟರ್ಕಿ ಕೋಳಿ ಯಾವ ಆಧಾರವೂ ಇಲ್ಲದೆ ತೇಲುತ್ತ ಗಿರಗಿರ ತಿರುಗುತ್ತಿತ್ತು!

"ಅದರ ತೂಕ ತೆಗೆದುಬಿಟ್ಟಿದ್ದೇನೆ. ಟ್ರೇಗೆ ತಾಗಿದರೆ ತಾನೆ ಕರಟುವುದು?"

"ನಿಮ್ಮ ಮಂಡೆ! ಮಧ್ಯಾಹ್ನ ಊಟಕ್ಕೆ ನಿಮ್ಮ ಅಕ್ಕ ಬರ್ತಾರೆ, ನೆನಪುಂಟಾ?"

ಸೆವ್ರಿನ್‌ಗೆ ಅದೊಂದೇ ಚಿಂತೆ. ಮದುವೆಯಾಗಿ ಬಂದಲ್ಲಿಂದ ಒಂದು ಕ್ರಿಸ್ಮಸ್ಸಿಗೂ ಎಪೊಲಿನ್ ಅತ್ತಿಗೆ ಕೊಂಕು ತೆಗೆಯದೆ ಹೋದದ್ದಿಲ್ಲ. ಈ ಸಲ ಅವರಿಗೆ ಎಳ್ಳಷ್ಟೂ ಅವಕಾಶ ಕೊಡಬಾರದೆಂದು ತಿಂಗಳಿಡೀ ನೆಲ ತಿಕ್ಕಿ, ಪರದೆ ಒಗೆದು, ಚಮಚಗಳ ಹಿಂಬದಿಯನ್ನೂ ಬೆಳಗಿದ್ದಳು.

ಕೋಳಿ ಹೊಂಬಣ್ಣಕ್ಕೆ ಬಂದಾಗ ಗಾಸ್ಪರ್ ಬಾಗಿಲು ತೆರೆದರು. ಅದು ಸುಯ್ಯೆಂದು ಹೊರಬಂದು ಅವರ ತಲೆಯ ಮೇಲಿಂದ ಹಾದು ನಡುಮನೆಗೆ ನುಗ್ಗಿತು!

"ಕಿಟಕಿ ಹಾಕಿ! ಕಿಟಕಿ!"

ಮಾವಿನಕಾಯಿ ಕೀಳುವ ಕೊಕ್ಕೆಯಿಂದ ಅದನ್ನು ಎಳೆದು ಊಟದ ಮೇಜಿಗೆ ಹಗ್ಗದಿಂದ ಬಿಗಿಯುತ್ತಿದ್ದಂತೆಯೇ ಅತ್ತಿಗೆ ಒಳಬಂದರು. ಹಿಂದೆ ಅವರ ಗಂಡ ಲಾದ್ರು ಭಾವ.

"ಎಂತದು ಸೆವ್ರಿನ್, ನಿಮ್ಮಲ್ಲಿ ಹುರಿದ ಕೋಳಿಯನ್ನೂ ಕಟ್ಟಿ ಹಾಕ್ತೀರಾ?"

"ಈಗ ಅದೇ ಫ್ಯಾಷನ್ ಅತ್ತಿಗೆ!"

ಸೆವ್ರಿನ್ ನಿಂತೇ ಬಡಿಸಿದಳು. ಎಲ್ಲರದೂ ಆದ ಮೇಲೆ ಉಣ್ಣುವುದು ಅವಳ ರೂಢಿ. ಅತ್ತಿಗೆ ಮೊದಲ ತುಂಡು ಬಾಯಿಗಿಟ್ಟಾಗ ಅವಳು ಬಡಿಸುವುದನ್ನು ಬಿಟ್ಟು ಅವರ ಮುಖವನ್ನೇ ನೋಡಿದಳು. ಅತ್ತಿಗೆ ಅಗಿದರು. ಇನ್ನಷ್ಟು ಅಗಿದರು. ತಟ್ಟೆ ಮುಂದೆ ಚಾಚಿದರು. ಮತ್ತೊಮ್ಮೆ ಚಾಚಿದರು! ಸೆವ್ರಿನ್‌ಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಲಾದ್ರು ಭಾವ ಎಲುಬು ಚೀಪುತ್ತಲೇ ಕುರ್ಚಿಯಿಂದ ಮೇಲೇರತೊಡಗಿದರು. ಅವರ ಕಾಲು ಹಿಡಿದೆಳೆಯಲು ಹೋದ ಗಾಸ್ಪರ್ ತಾವೂ ಏರಿದರು. ಕೊನೆಗೆ ಮೇಜುಬಟ್ಟೆಯನ್ನು ಅವುಚಿಕೊಂಡು ಕಿರುಚುತ್ತ ಅತ್ತಿಗೆ! ಸೆವ್ರಿನ್ ಓಡಿಹೋಗಿ ಫ್ಯಾನ್ ಆಫ್ ಮಾಡಿದಳು.

"ಹೋಯ್, ನೀವೆಲ್ಲ ಇಳಿಯುವುದು ಯಾವಾಗ?"

"ತಿಂದದ್ದು ಜೀರ್ಣ ಆಗಬೇಕು!" ಎಂದರು ಗಾಸ್ಪರ್, ಮೂಗಿನ ಮೇಲಿದ್ದ ಭಾವನ ಪಾದವನ್ನು ಸರಿಸುತ್ತ.

"ಅಯ್ಯೋ ದೇವರೇ, ನಿಮ್ಮ ಅಕ್ಕ ಎರಡು ತೊಡೆ ತಿಂದಿದ್ದಾರೆ! ಅತ್ತಿಗೆ, ಹೆದರಬೇಡಿ, ಫ್ಯಾನಿನ ರೆಕ್ಕೆ ಗಟ್ಟಿ ಹಿಡ್ಕೊಳ್ಳಿ!"

ಅತ್ತಿಗೆ ಹಿಡಿದುಕೊಂಡರು. ಕಿರುಚುವುದನ್ನು ನಿಲ್ಲಿಸಿದರು. ರೆಕ್ಕೆಯ ಮೇಲ್ಬದಿಗೆ ಬೆರಳಾಡಿಸಿ, ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಅವರ ಮುಖ ಅರಳಿತು.

"ಸೆವ್ರಿನ್, ಇದರ ಮೇಲೆ ಎಷ್ಟು ಧೂಳು ಮಾರಾಯ್ತಿ!"

ಸೆವ್ರಿನ್ ಒದ್ದೆ ಬಟ್ಟೆಯೊಂದನ್ನು ಮುದ್ದೆ ಮಾಡಿ ಮೇಲಕ್ಕೆಸೆದಳು.

"ಹೇಗೂ ಅಲ್ಲೇ ಇದ್ದೀರಲ್ಲ ಅತ್ತಿಗೆ, ಒಮ್ಮೆ ಒರೆಸಿಬಿಡಿ."