ಶಾಮಿಯಾನ ಅಂಗಡಿಯ ಹುಡುಕು ಗುಂಡಿ

ಮಾತಿನೊಳಗೆ ಮಾತು ಹುಡುಕೋದನ್ನ ಕಂಪ್ಯೂಟರ್‌ಗೆ ಕಲಿಸೋಕೆ ಹೊರಟ ಮೇಲೆ ನನ್ನ ಪಾಡು ದಿನಕ್ಕೊಂದು ಥರ.

ನಂಜನಗೂಡಿನ ಮನೇಲೇ ಕೂತು ವೆಬ್‌ಸೈಟ್ ಮಾಡ್ತೀನಿ, ಯಾರ ಕೈಕೆಳಗೂ ಕೆಲಸಕ್ಕೆ ಹೋಗಲ್ಲ ಅಂತ ಅಪ್ಪನ ಹತ್ತಿರ ಹಠ ಹಿಡಿದಿದ್ದೆ. ಸಿಕ್ಕ ಮೊದಲ ಕೆಲಸ, ತಿ. ನರಸೀಪುರದ ಶಾಮಿಯಾನ, ಪಾತ್ರೆ ಬಾಡಿಗೆ ಅಂಗಡಿಯದು. ಗಿರಾಕಿ ಬೇಕಾದ್ದನ್ನ ಟೈಪ್ ಮಾಡಿ ಗುಂಡಿ ಒತ್ತಿದರೆ ಆ ಸಾಮಾನು ಕಾಣಬೇಕು.

ಮಾಲೀಕರು ಮೊದಲೇ ಹೇಳಿದ್ದರು: "ಸರ್ಯಾಗಿ ನಡುದ್ರೆ ಇರ್ಲಿ. ಇಲ್ದಿದ್ರೆ ತಗುದಾಕ್ಬುಡದೇ ಕನವ್ವ."

ತೆಗೆದುಹಾಕಿದರೆ ಅಪ್ಪನಿಗೆ ಯಾವ ಮುಖ ತೋರಿಸಲಿ?

೧

ಮೊದಲ ದಿನವೇ ಮೂಗೂರಿನ ಗಿರಾಕಿಯೊಬ್ಬರು ಟೈಪ್ ಮಾಡಿದರು: "ಅಣ್ಣಾ ನಮಸ್ಕಾರ. ಮನೇಲಿ ಎಲ್ಲಾರೂ ಚೆನ್ನಾಗಿದ್ದೀರಾ? ಕುರ್ಚಿ ಅದವಾ?"

ನನ್ನ ಪ್ರೋಗ್ರಾಂ ಆ ಇಡೀ ಸಾಲನ್ನ ಒಂದೊಂದು ಸಾಮಾನಿನ ಹೆಸರಲ್ಲೂ ಹುಡುಕಿ 'ಇಲ್ಲ' ಅಂದುಬಿಟ್ಟಿತು. ಅವರು ಅಂಗಡಿಗೇ ಫೋನ್ ಮಾಡಿ ಬೈದರು.

"ಕುರ್ಚಿ ಇಲ್ದಿದ್ರೆ ಓಗ್ಲಿ, ಯೋಗಕ್ಷೇಮ ಕೇಳುದ್ರೂ ಇಲ್ಲ ಅಂತದಲ್ಲ, ಏನ್ ಸೊಕ್ಕು ಅದ್ಕೆ!"

೨

ಬಿಡ್ತೀನಾ? ಒಂದೊಂದು ಪದವನ್ನೂ ಬೇರೆ ಬೇರೆ ಹುಡುಕೋ ಹಾಗೆ ತಿದ್ದಿದೆ. ಮಾಲೀಕರು ಪರೀಕ್ಷೆಗೆ 'ಶಾಮಿಯಾನ' ಅಂತ ಒತ್ತಿದರು. 'ಕೆಂಪು ಶಾಮಿಯಾನ' ಬಂತು, 'ಸಣ್ಣ ಶಾಮಿಯಾನ' ಬಂತು. ಬರೀ 'ಶಾಮಿಯಾನ' ಮಾತ್ರ ನಾಪತ್ತೆ.

"ಪದ ಎಷ್ಟನೇ ಜಾಗದಲ್ಲಿದೆ ಅಂತ ಕಂಪ್ಯೂಟರ್ ಹೇಳುತ್ತೆ ಸಾರ್. ಮೊದಲನೇ ಜಾಗಕ್ಕೆ ಸೊನ್ನೆ ಅನ್ನುತ್ತೆ. ಸೊನ್ನೆ ಅಂದರೆ ಇಲ್ಲ ಅಂತ ಬರೆದುಬಿಟ್ಟಿದ್ದೆ," ಅಂದೆ.

"ಮೊದ್ಲು ಬಂದು ನಿಂತಿರೋನ್ಗೆ ಸೊನ್ನೆನಾ? ನಮ್ ಮದ್ವೆ ಪಂಕ್ತಿಲಿ ಹಿಂಗ್ ಮಾಡಿದ್ರೆ ಎಲೆ ಎತ್ಕೊಂಡ್ ಹೊಡೀತಾರೆ ಕನವ್ವ!"

೩

ಅದನ್ನೂ ತಿದ್ದಿ, ತೋರಿಸೋಕೆ ಅಂಗಡಿಗೇ ಹೋದೆ. ಅಷ್ಟರಲ್ಲಿ ಮಾಲೀಕರ ತಾಳ್ಮೆ ಮುಗಿದಿತ್ತು. ಮೊಮ್ಮಗಳ ಮದುವೆ ಅಂತ ಹುಲ್ಲಹಳ್ಳಿಯಿಂದ ಒಬ್ಬ ಅಜ್ಜಿ ಅಂಗಡಿಗೆ ಬಂದಿದ್ದರು. ಏನು ತೋರಿಸಿದರೂ ಮೂಗು ಮುರಿಯೋ ಗಿರಾಕಿ. ಮಾಲೀಕರು ಫೋನನ್ನ ಅವರ ಕೈಗೇ ಕೊಟ್ಟು ನನ್ನ ಕಡೆ ತಿರುಗಿದರು. "ಇವರು ಒಪ್ಪುದ್ರೆ ನಿನ್ ಸೈಟು ಇರ್ತದೆ. ಇಲ್ದಿದ್ರೆ ಇವತ್ಗೇ ಕೊನೆ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಒಂದಕ್ಷರವನ್ನೂ ಟೈಪ್ ಮಾಡದೆ ಗುಂಡಿ ಒತ್ತೇಬಿಟ್ಟರು. ಶಾಮಿಯಾನದಿಂದ ಸೌಟಿನವರೆಗೆ ಅಂಗಡಿಯಲ್ಲಿದ್ದದ್ದೆಲ್ಲಾ ಸಾಲಾಗಿ ಬಂತು! ಏನೂ ಬರೆಯದೆ ಹುಡುಕಿದರೆ, ಆ 'ಏನೂ ಇಲ್ಲ' ಅನ್ನೋದು ಎಲ್ಲಾ ಹೆಸರಲ್ಲೂ ಇದೆ ಅಂತ ಕಂಪ್ಯೂಟರ್ ಲೆಕ್ಕ. ಅದನ್ನ ತಡೆಯೋಕೆ ಮರೆತಿದ್ದೆ. ಕೆಟ್ಟೆ ಅಂದುಕೊಂಡೆ.

"ತಾಳಿ ಅಜ್ಜಿ, ಅದು ತಪ್ಪು..."

ಅಜ್ಜಿ ಎಲ್ಲಿ ಕೇಳುತ್ತಾರೆ? ಮುಖ ಅರಳಿತ್ತು.

"ಅಯ್ಯೋ ನನ್ ಕಂದ! ಬಾಯೇ ಬುಡ್ನಿಲ್ಲ, ಬೇಕಾದ್ದೆಲ್ಲಾ ತಂದು ಮುಂದಿಕ್ತಲ್ಲ! ನಮ್ಮನೆಯವ್ರು ಇಷ್ಟ್ ವರ್ಷ ಸಂಸಾರ ಮಾಡಿದ್ರೂ ಇಷ್ಟ್ ತಿಳ್ಕಳ್ನಿಲ್ಲ. ಎಲ್ಲಾನೂ ಕಳ್ಸಪ್ಪ."

ಮಾಲೀಕರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಸೈಟು ಇರ್ಲಿ ಕನವ್ವ. ಆ ಬರೆಯೋ ಜಾಗ ಒಂದ ತಗುದಾಕ್ಬುಡು."