ಟವೆಲ್ಲಿನ ಕೆಳಗೆ ಮೂರು ಕೈ

"ಕೈ ಒಳಗ ಹಾಕು ನೀಲಾ, ಕಚ್ಚೂದಿಲ್ಲ!" ಎಂದರು ಫಕೀರಪ್ಪ ಕಾಕಾ.

ನಮ್ಮ ಕಾಕಾ ಕಂಡುಹಿಡಿದ ಯಾವ ವಸ್ತುವಿನ ಬಗ್ಗೆಯೂ ಈ ಮಾತನ್ನು ನಂಬಬಾರದು. ಹೋದ ವರ್ಷ ಅವರ ಶಾವಿಗೆ ಯಂತ್ರ ನಮ್ಮವ್ವನ ಇಳಕಲ್ ಸೀರೆಯ ಸೆರಗನ್ನು ಎಳೆದುಕೊಂಡು, ಎಳೆ ಎಳೆಯಾಗಿ ಶಾವಿಗೆ ಮಾಡಿ ಒಣಹಾಕಿತ್ತು. ಈಗ ನನ್ನ ಮೇಜಿನ ಮೇಲೆ ಕೂತಿದ್ದು ಬಿಸ್ಕಿಟ್ ಡಬ್ಬಿಯಷ್ಟು ದೊಡ್ಡದೊಂದು ತಗಡಿನ ಪೆಟ್ಟಿಗೆ. ಕೆಳಗೆ ಆಟಿಕೆ ಕಾರಿನ ನಾಲ್ಕು ಗಾಲಿ, ಮುಂದೆ ಒಂದು ರಬ್ಬರ್ ಕೈ, ಕೈಯ ಮೇಲೊಂದು ಕೆಂಪಂಚಿನ ಟವೆಲ್.

"ಏನ್ರಿ ಕಾಕಾ ಇದು?"

"ದಲ್ಲಾಳಿ! ನಿನ್ನ ಈ-ಪುಸ್ತಕದ ರೇಟ್ ಇನ್ನ ಮ್ಯಾಲೆ ಇದ ಹೇಳತೈತಿ."

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ಹುಬ್ಬಳ್ಳಿಯ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನನ್ನ 'ನೀಲಗಂಗಾ ಪ್ರಕಾಶನ' ಇದೆ. ಅದರ ಮಾಲೀಕಳು, ಸಂಪಾದಕಿ, ಕಸ ಗುಡಿಸುವವಳು ಮೂರೂ ನಾನೇ. ಅಡುಗೆ ಪುಸ್ತಕಗಳನ್ನು ಹಾಕುತ್ತೇನೆ. ಕಾಗದ ತುಟ್ಟಿಯಾದ ಮೇಲೆ ಎಲ್ಲವನ್ನೂ ಈ-ಪುಸ್ತಕ ಮಾಡಿದೆ. ಅಲ್ಲಿಂದ ಶುರುವಾಯಿತು ತಲೆನೋವು. ಕಾಗದದ ಪುಸ್ತಕವಾದರೆ ಕಾಗದಕ್ಕೆಷ್ಟು, ಅಚ್ಚಿಗೆಷ್ಟು, ಬೈಂಡಿಂಗಿಗೆಷ್ಟು ಎಂದು ಕೂಡಿಸಿ ಬೆಲೆ ಹಾಕಬಹುದು. ಈ-ಪುಸ್ತಕಕ್ಕೆ ತೂಕವಿಲ್ಲ, ವಾಸನೆಯಿಲ್ಲ, ಉಳಿದರೆ ರದ್ದಿಗೂ ಹೋಗುವುದಿಲ್ಲ. ಇಂಥದ್ದಕ್ಕೆ ಎಷ್ಟು ಅಂತ ಹೇಳುವುದು? 'ಜೋಳದ ರೊಟ್ಟಿ: ಹದಿನೆಂಟು ಪಾಠ' ಎಂಬ ನನ್ನ ಪುಸ್ತಕಕ್ಕೆ ಬಾಯಿಗೆ ಬಂದಂತೆ ಅರವತ್ತು ರೂಪಾಯಿ ಅಂದಿದ್ದೆ. ತಿಂಗಳಿಗೆ ಎರಡು ಹೋಗುತ್ತಿತ್ತು. ಅದರಲ್ಲಿ ಒಂದನ್ನು ಕಾಕಾನೇ ಕೊಳ್ಳುತ್ತಿದ್ದರು.

ಕಾಕಾನ ಅಪ್ಪ, ಅಂದರೆ ನನ್ನಜ್ಜ, ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ಟವೆಲ್ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಕಾಕಾ ಅದನ್ನೇ ಯಂತ್ರಕ್ಕೆ ಕಲಿಸಿದ್ದರು.

"ಓದಾವರಿಗೆ ಎಷ್ಟ ಆಶಾ ಐತಿ ಅಂತ ನೆಟ್‌ನಾಗ ನೋಡತೈತಿ, ನಿನ್ನ ಬೆರಳ ಹಿಡದ ಹೇಳತೈತಿ, ತಾನ ರೇಟ್ ಹಾಕತೈತಿ! ನಮ್ಮಪ್ಪನ ಧರ್ಮಾನೂ ಇದರಾಗ ಹಾಕೀನಿ: ದಲ್ಲಾಳಿ ದಲ್ಲಾಳಿ ಕೂಡ ಜಗಳಾ ಆಡಬಾರದು. ಮಾರಾವ ಇವತ್ತ ಬರ್ತಾನ, ಕೊಳ್ಳಾವ ನಾಳೆ ಹೋಗ್ತಾನ. ದಲ್ಲಾಳಿಗೋಳು ವಾರಾ ವಾರಾ ಒಬ್ಬರ ಮಾರಿ ಒಬ್ಬರು ನೋಡಬೇಕಲ್ಲ!"

ಆ ಧರ್ಮದ ಮಾತಿಗೆ ನಾನು ಆಗಲೇ ಹೆದರಬೇಕಿತ್ತು. ಬದಲಿಗೆ ಟವೆಲ್ಲಿನ ಕೆಳಗೆ ಕೈ ಹಾಕಿದೆ. ತಣ್ಣಗಿನ ರಬ್ಬರ್ ಕೈ ನನ್ನ ನಾಲ್ಕು ಬೆರಳು ಹಿಡಿದು ಬಿಟ್ಟಿತು, ಆಮೇಲೆ ಇಡೀ ಕೈ ಹಿಡಿಯಿತು. ನಲವತ್ತೈದು! ಸಂಜೆಯೊಳಗೆ ಮೂವತ್ತೆಂಟು ರೊಟ್ಟಿ ಪುಸ್ತಕ ಹೋದವು. ನಾನು ಕಾಕಾನ ಕಾಲಿಗೆ ಬೀಳುವುದೊಂದು ಬಾಕಿ.

*

ನಮ್ಮ ಮಹಡಿಯಲ್ಲಿ ಇನ್ನಿಬ್ಬರು ಪ್ರಕಾಶಕರಿದ್ದಾರೆ. ಎಡಕ್ಕೆ ಮಣ್ಣೂರ ಆಚಾರ್ಯರು, ವ್ರತಕಥೆ ಮತ್ತು ಪಂಚಾಂಗ. ಬಲಕ್ಕೆ ನದಾಫ್ ಸಾಹೇಬರು, ಪತ್ತೇದಾರಿ ಕಾದಂಬರಿ. ಮೂವರೂ ಮಾತು ಬಿಟ್ಟು ಹನ್ನೊಂದು ವರ್ಷ. ಕಾರಣ ಒಂದು ಟೇಬಲ್ ಫ್ಯಾನು. ಪುಸ್ತಕ ಪ್ರದರ್ಶನವೊಂದರಲ್ಲಿ ನಮ್ಮ ಮೂರು ಮಳಿಗೆಗೆ ಸೇರಿಸಿ ಒಂದೇ ಫ್ಯಾನು ಕೊಟ್ಟಿದ್ದರು. ಅದು ಯಾರ ಕಡೆ ಮುಖ ಮಾಡಬೇಕು ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಅಂದಿನಿಂದ ಏನೇ ಹೇಳುವುದಿದ್ದರೂ ಚೀಟಿ ಬರೆದು ಬಾಗಿಲಿಗೆ ಅಂಟಿಸುತ್ತೇವೆ.

ವಾರ ಕಳೆದ ಮೇಲೆ ನೋಡುತ್ತೇನೆ, ನನ್ನ ರೊಟ್ಟಿಗೆ ತೊಂಬತ್ತೊಂಬತ್ತು. ಆಚಾರ್ಯರ ಸತ್ಯನಾರಾಯಣ ಕಥೆಗೆ ತೊಂಬತ್ತೊಂಬತ್ತು. ನದಾಫರ 'ಕೊಲೆಗಾರನ ಕೊಡೆ'ಗೂ ತೊಂಬತ್ತೊಂಬತ್ತು! ಮರುದಿನ ಮೂರಕ್ಕೂ ನೂರಾ ತೊಂಬತ್ತೊಂಬತ್ತು. ಆಗ ಹೊಳೆಯಿತು.

"ಕಾಕಾ! ಅವರಿಗೂ ಇದನ್ನ ಕೊಟ್ಟೀರೇನು? ನನಗೊಬ್ಬಾಕಿಗೇ ಅಂದಿದ್ರಿ!"

"ಮೂರೂ ಮಂದಿಗೂ ಹಂಗ ಅಂದೀನಿ," ಎಂದರು ಕಾಕಾ, ಒಂದಿಷ್ಟೂ ನಾಚಿಕೆಯಿಲ್ಲದೆ. "ನೀವು ಒಬ್ಬರನ್ನೊಬ್ಬರು ಕೇಳೂದಿಲ್ಲ ಅನ್ನೂದು ಗೊತ್ತಿತ್ತು!"

ನಾನು ಕಂಪ್ಯೂಟರಿನಲ್ಲಿ ಬೆಲೆಯನ್ನು ಮತ್ತೆ ಅರವತ್ತು ಮಾಡಿದೆ. ಯಂತ್ರ ಗಾಲಿಯ ಮೇಲೆ ಸರ್ರನೆ ಬಂದು ನನ್ನ ಕೈಗೆ ಛಟೀರೆಂದು ಏಟು ಕೊಟ್ಟಿತು. ಬೆಲೆ ಐನೂರಾಯಿತು. ಇನ್ನೊಮ್ಮೆ ಇಳಿಸಿದೆ, ಇನ್ನೊಂದು ಏಟು ಬಿತ್ತು. ಸಾವಿರ!

"ಇದನ್ನ ಬಂದ್ ಮಾಡೂ ಗುಂಡಿ ಎಲ್ಲೈತ್ರಿ?"

"ಸಂತ್ಯಾಗ ದಲ್ಲಾಳಿಗೆ ಗುಂಡಿ ಇರತೈತೇನು?"

ನವೆಂಬರ್ ಬಂತು. ರಾಜ್ಯೋತ್ಸವದ ತಿಂಗಳು, ಅರ್ಧ ಬೆಲೆಯ ರಿಯಾಯಿತಿ ಕೊಡಲೇಬೇಕು. ಆಗ ನಾಲ್ಕು ಸಾವಿರಕ್ಕೆ ಏರಿದ್ದ ಬೆಲೆಯನ್ನು ಮೂರೂ ಯಂತ್ರಗಳು ಒಂದೇ ನಿಮಿಷದಲ್ಲಿ ಎಂಟು ಸಾವಿರ ಮಾಡಿ, ಅದಕ್ಕೆ ಗೀಟು ಹೊಡೆದು, 'ನಾಡಹಬ್ಬದ ವಿಶೇಷ ಬೆಲೆ ನಾಲ್ಕು ಸಾವಿರ ಮಾತ್ರ' ಎಂದು ಹಾಕಿದವು. ಇದನ್ನು ಕಾಕಾ ಕಲಿಸಿರಲಿಲ್ಲ. ನಮ್ಮ ಹಳೆಯ ಜಾಹೀರಾತುಗಳನ್ನು ಓದಿ ತಾವೇ ಕಲಿತಿರಬೇಕು.

ಗದುಗಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. "ಅಕ್ಕಾರ, ಹೊಸದಾಗಿ ಲಗ್ನ ಆಗೇತ್ರಿ, ರೊಟ್ಟಿ ಬಡಿಯೂದು ಕಲೀಬೇಕಾಗಿತ್ತು. ನಾಕ ಸಾವಿರಕ್ಕ ಜ್ವಾಳದ ಚೀಲಾನ ಬರತಾವಲ್ರಿ?" ಅವಳಿಗೆ ಹದಿನೆಂಟು ಪಾಠವನ್ನೂ ಫೋನಿನಲ್ಲೇ ಹೇಳಿಕೊಟ್ಟೆ. ನನಗೆ ನಿಜವಾಗಿಯೂ ನಾಚಿಕೆಯಾಗಿತ್ತು.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ ಮೇಜಿನ ಮೇಲೆ ಯಂತ್ರವಿಲ್ಲ. ಹೊರಗೆ ಬಂದೆ. ಆಚಾರ್ಯರೂ ನದಾಫರೂ ತಮ್ಮ ತಮ್ಮ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದರು. ಪಡಸಾಲೆಯ ನಡುವೆ ಮೂರೂ ಡಬ್ಬಿಗಳು ಮುಖಕ್ಕೆ ಮುಖ ಕೊಟ್ಟು ಕೂತಿದ್ದವು. ನನ್ನ ಕೆಂಪಂಚಿನ ಟವೆಲ್ಲಿನ ಕೆಳಗೆ ಮೂರು ರಬ್ಬರ್ ಕೈಗಳು ಗುಟ್ಟಾಗಿ ಬೆರಳು ಹಿಡಿದು ವ್ಯವಹಾರ ನಡೆಸಿದ್ದವು.

"ನೋಡು, ಎಷ್ಟ ಅನ್ಯೋನ್ಯ ಅದಾವ!" ಎಂದು ನನ್ನ ಹಿಂದೆಯೇ ಬಂದಿದ್ದ ಕಾಕಾ ಕಣ್ಣೊರೆಸಿಕೊಂಡರು.

*

ಡಿಸೆಂಬರಿನಲ್ಲಿ ಮೂವರಿಗೂ ನೋಟೀಸು ಬಂತು. ವ್ಯಾಪಾರದಲ್ಲಿ ಪೈಪೋಟಿ ಸರಿಯಾಗಿ ನಡೆಯುತ್ತಿದೆಯೇ ಎಂದು ಕಾಯುವ ಸರ್ಕಾರಿ ಕಚೇರಿಯ ನೋಟೀಸು. ಒಂದೇ ಮಹಡಿಯ ಮೂವರು ಪ್ರಕಾಶಕರು ಸಂಚು ಮಾಡಿ, ಒಂದೇ ನಿಮಿಷಕ್ಕೆ ಒಂದೇ ಬೆಲೆ ಏರಿಸಿ ಓದುಗರನ್ನು ಸುಲಿಯುತ್ತಿದ್ದಾರೆ ಎಂಬುದು ಆರೋಪ. ಸಾಬೀತಾದರೆ ಮೂರೂ ಪ್ರಕಾಶನಗಳಿಗೆ ಬೀಗ!

ಇಪ್ಪತ್ತಾರು ವರ್ಷ ಆ ಕೋಣೆಯಲ್ಲೇ ಕೂತು ಮುನ್ನೂರು ಪುಸ್ತಕ ಮಾಡಿದ್ದೆ. ಬೀಗ ಬಿದ್ದರೆ ನನಗೆ ಬೇರೆ ಬದುಕು ಗೊತ್ತಿಲ್ಲ. ವಕೀಲರನ್ನು ಕೇಳಿದರೆ, "ಮೊದಲನೇ ಮಾತು, ಅವರಿಬ್ಬರ ಜೊತೆ ಮಾತಾಡಬೇಡಿ. ಮಾತಾಡಿದರೆ ಅದೇ ಸಂಚು!" ಎಂದರು. ಆ ಸಲಹೆಗೂ ಫೀಸು ತೆಗೆದುಕೊಂಡರು.

ವಿಚಾರಣೆಗೆ ಬೆಂಗಳೂರಿನಿಂದ ಜಯಶೀಲಾ ಮೇಡಂ ಬಂದರು. ಮಂಡ್ಯದ ಕಡೆಯವರು, ಕನ್ನಡಕದ ಮೇಲಿಂದ ನೋಡುವವರು. ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, "ನೋಡಿ, ನೇರವಾಗಿ ಕೇಳ್ತೀನಿ. ನೀವು ಮೂರೂ ಜನ ಕೂತು ಮಾತಾಡಿ ಬೆಲೆ ಕಟ್ಟಿದ್ದೀರಾ?" ಎಂದರು.

"ಇವರ ಕೂಡ?" ಆಚಾರ್ಯರು ಎದ್ದೇ ನಿಂತರು. "ಛೀ ಛೀ! ಈ ನೀಲಗಂಗಾ ಬಾಯಿ ಕೂಡ ನಾ ಮಾತಾಡಿ ಹನ್ನೊಂದು ವರ್ಷ ಆಗ್ಯದರಿ!"

"ನನಗೇನು ಇವರ ಕೂಡ ಮಾತಾಡೂ ಜರೂರತ್ತೈತೇನ್ರಿ ಮೇಡಂ?" ಎಂದೆ ನಾನು, ನದಾಫರ ಕಡೆ ಬೆರಳು ತೋರಿಸಿ. "ಫ್ಯಾನ್ ತಿರುವಿದ ಕೈ ಅದು!"

"ಫ್ಯಾನ್ ತಿರುವಿದಾಂವ ನಾ ಅಲ್ಲ, ಆಚಾರ್ಯರು ಅಲ್ಲ, ಈ ಅಕ್ಕಾರ!" ಎಂದರು ನದಾಫರು. "ಸಾಕ್ಷಿ ಅದಾವ!"

ಮೇಡಂ ಪೆನ್ನಿನಿಂದ ಕುರ್ಚಿಯ ಕೈ ಕುಟ್ಟಿದರು. "ಹಾಗಾದ್ರೆ ಬೆಲೆ ಕಟ್ಟಿದ್ದು ಯಾರು?"

ಕಾಕಾ ಎದೆಯುಬ್ಬಿಸಿಕೊಂಡು ಮುಂದೆ ಬಂದು, ಮೂಲೆಯಲ್ಲಿ ಒಂದೇ ಟವೆಲ್ ಹೊದ್ದು ಕೂತಿದ್ದ ಮೂರು ಡಬ್ಬಿಗಳನ್ನು ತೋರಿಸಿದರು. ಮೇಡಂ ಅನುಮಾನದಿಂದಲೇ ಟವೆಲ್ಲಿನ ಕೆಳಗೆ ಕೈಯಿಟ್ಟರು. ಇಟ್ಟ ಕೂಡಲೇ ಬೆಚ್ಚಿದರು.

"ಐದೂ ಬೆರಳು ಹಿಡಿದ್ಬಿಡ್ತಲ್ರೀ! ಏನರ್ಥ ಇದು?"

"ನಿಮಗ ಐದ ಪರ್ಸೆಂಟ್ ಕಮಿಷನ್ ಕೊಡತಾವಂತ್ರಿ ಮೇಡಂ," ಎಂದರು ಕಾಕಾ ಸಂತೋಷದಿಂದ. "ಒಳ್ಳೆ ಸಂಸ್ಕಾರ!"

ಮೇಡಂ ಮುಖ ಕೆಂಪಾಯಿತು. "ಲಂಚ ಬೇರೆ! ಯಂತ್ರ ನಿಮ್ಮದು, ಲಾಭ ನಿಮ್ಮದು, ಸಂಚೂ ನಿಮ್ಮದೇ. ನೀವು ಮೂರೂ ಜನ ಒಳಗೊಳಗೇ ಒಂದಾಗಿಲ್ಲ ಅನ್ನೋದಕ್ಕೆ ಏನ್ರೀ ಪುರಾವೆ?"

ಪುರಾವೆ! ನಾನು ಒಳಗೆ ಓಡಿದೆ. ಹನ್ನೊಂದು ವರ್ಷದಿಂದ ನನ್ನ ಬಾಗಿಲಿಗೆ ಬಿದ್ದ ಚೀಟಿಗಳನ್ನೆಲ್ಲ ತಾರೀಖು ಹಾಕಿ ಫೈಲು ಮಾಡಿಟ್ಟಿದ್ದೆ, ನಾನು ಕೊಟ್ಟ ಉತ್ತರಗಳ ಪ್ರತಿಯ ಸಮೇತ. ಯಾಕೆ ಇಟ್ಟಿದ್ದೆನೋ ನನಗೇ ಗೊತ್ತಿಲ್ಲ. ಸಿಟ್ಟಿಗೂ ಒಂದು ಅಚ್ಚುಕಟ್ಟು ಬೇಡವೇ?

ಮೇಡಂ ಫೈಲು ಬಿಡಿಸಿ ಗಟ್ಟಿಯಾಗಿ ಓದತೊಡಗಿದರು.

"'ನಿಮ್ಮ ಒಗ್ಗರಣೆ ಪ್ರಯೋಗದ ಘಾಟಿಗೆ ನನ್ನ ಪಂಚಾಂಗದಲ್ಲಿ ಒಂದು ಏಕಾದಶಿ ತಪ್ಪಿಹೋಯಿತು. ಮಣ್ಣೂರ.'"

ಟವೆಲ್ ಸ್ವಲ್ಪ ಅಲುಗಿತು.

"'ತಪ್ಪಿದ್ದು ಒಂದೇ ಎಂದು ಹೇಗೆ ಹೇಳುತ್ತೀರಿ? ನೀಲಗಂಗಾ.'"

ಟವೆಲ್ ಇನ್ನಷ್ಟು ಅಲುಗಿತು.

"'ನಿಮ್ಮಿಬ್ಬರ ಪುಸ್ತಕಗಳಲ್ಲಿ ಕೊಲೆಯಾಗಿರುವುದು ಕನ್ನಡ ಮಾತ್ರ. ನದಾಫ್.'"

ಛಟೀರ್! ಟವೆಲ್ಲಿನ ಕೆಳಗಿನಿಂದ ಸದ್ದು ಬಂತು. ಯಂತ್ರಗಳಿಗೆ ಕಿವಿಯೂ ಇದೆ ಎಂದು ಕಾಕಾ ಹೇಳಿರಲಿಲ್ಲ. ತನ್ನ ಧಣಿಯನ್ನು ಬೈದಿದ್ದು ಕೇಳಿ ಒಂದೊಂದಕ್ಕೂ ರೋಷ ಉಕ್ಕಿತ್ತು. ದಲ್ಲಾಳಿ ಧರ್ಮ ಹಾರಿಹೋಯಿತು! ಮೂರು ಕೈಗಳೂ ಒಂದರ ಬೆರಳನ್ನೊಂದು ತಿರುಚತೊಡಗಿದವು. ಡಬ್ಬಿಗಳು ಢಣ್ ಢಣ್ ಎಂದು ಡಿಕ್ಕಿ ಹೊಡೆದವು.

"ರೇಟ್ ನೋಡ್ರಿ, ರೇಟ್!" ಎಂದು ಕೂಗಿದರು ನದಾಫರು.

ಮೇಡಂ ಮೊಬೈಲಿನಲ್ಲಿ ನೋಡಿದರು. ಆಚಾರ್ಯರ ಕಥೆ ಎರಡು ಸಾವಿರಕ್ಕೆ ಇಳಿದಿತ್ತು. ಹಟಕ್ಕೆ ಬಿದ್ದ ನದಾಫರ ಕೊಡೆ ಐನೂರಾಯಿತು. ನನ್ನ ರೊಟ್ಟಿ ನೂರು! ಮತ್ತೆ ಕಥೆ ಇಪ್ಪತ್ತು, ಕೊಡೆ ಐದು, ರೊಟ್ಟಿ ಒಂದು ರೂಪಾಯಿ!

"ಇದೇ ಕಣ್ರೀ ಪೈಪೋಟಿ ಅಂದ್ರೆ!" ಮೇಡಂ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು. ಖಾತ್ರಿ ಮಾಡಿಕೊಳ್ಳಲು ನನ್ನ ರೊಟ್ಟಿ ಪುಸ್ತಕದ ಮೇಲೆ ಬೆರಳೊತ್ತಿದರು.

ಅಷ್ಟರಲ್ಲಿ ಬೆಲೆ ಸೊನ್ನೆಯನ್ನೂ ದಾಟಿ ಕೆಳಗಿಳಿದಿತ್ತು. ಟಿಣ್ ಎಂದಿತು ಮೊಬೈಲು. ಮೇಡಂ ಓದಿ ಬಿಳಿಚಿಕೊಂಡರು. 'ಪುಸ್ತಕ ಪಡೆದದ್ದಕ್ಕೆ ಧನ್ಯವಾದಗಳು. ನಿಮ್ಮ ಖಾತೆಗೆ ಎರಡು ರೂಪಾಯಿ ಜಮಾ ಆಗಿದೆ.'

"ಅಯ್ಯೋ! ಆರೋಪಿಗಳಿಂದ ನನ್ನ ಖಾತೆಗೆ ದುಡ್ಡು! ನಿಲ್ಲಿಸ್ರೀ ಇದನ್ನ!"

ಟಿಣ್ ಟಿಣ್ ಟಿಣ್! ನಮ್ಮ ಮೂವರ ಮೊಬೈಲುಗಳೂ ಕೂಗತೊಡಗಿದವು. ಊರಿಗೆಲ್ಲ ಸುದ್ದಿ ಹಬ್ಬಿ, ಜನ ಸಾಲುಗಟ್ಟಿ ನಮ್ಮ ಪುಸ್ತಕ ತೆಗೆದುಕೊಂಡು ನಮ್ಮಿಂದಲೇ ದುಡ್ಡು ವಸೂಲು ಮಾಡುತ್ತಿದ್ದರು. ಒಂದು ಪುಸ್ತಕಕ್ಕೆ ಎರಡು, ಆಮೇಲೆ ಐದು, ಆಮೇಲೆ ಇಪ್ಪತ್ತು!

"ಆಚಾರ್ಯರ, ಗಾಲಿ ಹಿಡೀರಿ!" ಎಂದು ಚೀರಿದೆ. ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ಆಡಿದ ಮೊದಲ ಮಾತು ಅದು.

"ಹಿಡದೀನವ್ವಾ! ನದಾಫ್ ಸಾಹೇಬ್ರ, ಆ ಕೈ, ಆ ಕೈ!"

"ಇದು ನನ್ನ ಮೂಗ ಹಿಡದೈತ್ರಿ!"

ನಾನು ಸಿಟ್ಟಿನಿಂದ ಟವೆಲ್ ಕಿತ್ತುಕೊಂಡೆ. ಅದರ ತುಂಬ ರಬ್ಬರ್ ಚೂರು. ಅಭ್ಯಾಸಬಲದಿಂದ ಫಟ್ಟನೆ ಕೊಡವಿದೆ.

ಮೂರೂ ಯಂತ್ರಗಳು ಗಕ್ಕನೆ ನಿಂತವು. ಕೈಗಳು ಜೋತುಬಿದ್ದವು. ಮೊಬೈಲುಗಳು ಸುಮ್ಮನಾದವು.

"ಹೌದಲ್ಲ!" ಕಾಕಾ ಹಣೆ ಬಡಿದುಕೊಂಡರು. "ಸಂತ್ಯಾಗ ಟವೆಲ್ ಕೊಡವಿದರ ವ್ಯವಹಾರ ಮುಗದಂಗ. ನಾನ ಹಾಕಿದ್ದೆ ಇದರಾಗ, ಮರತ ಬಿಟ್ಟಿದ್ದೆ!"

ಎರಡು ತಿಂಗಳ ಸಂಕಟ ಒಂದು ಕೊಡವಿಗೆ ಮುಗಿಯುವಂಥದ್ದಾಗಿತ್ತು. ಕಾಕಾನನ್ನು ಹೊಡೆಯಲು ಆಗ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ.

*

ಮೇಡಂ ಮೊದಲು ನನ್ನ ಕೈಗೆ ಎರಡು ರೂಪಾಯಿಯ ನಾಣ್ಯ ಹಾಕಿ ರಸೀದಿ ಬರೆಸಿಕೊಂಡರು. ಆಮೇಲೆ ಚೀಟಿಗಳ ಫೈಲನ್ನು ತಮ್ಮ ಕಾಗದಗಳಿಗೆ ಸೇರಿಸಿಕೊಂಡು ಹೇಳಿದರು: "ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಶುದ್ಧವಾದ ಪೈಪೋಟಿ ನೋಡಿರ್ಲಿಲ್ಲ ಕಣ್ರೀ. ಕೇಸು ಮುಚ್ತೀನಿ. ಆ ಮೂರು ಡಬ್ಬೀನೂ ಮೂರು ಬೇರೆ ಬೇರೆ ತಾಲ್ಲೂಕಿನಲ್ಲಿಡಿ. ಬೆಲೆ ವಿಷಯ ನೀವು ಮೂರೂ ಜನ ಜನ್ಮದಲ್ಲಿ ಮಾತಾಡಕೂಡದು. ಮತ್ತೆ ಇನ್ನೊಂದು ಸಲ ಬಂದಾಗ ನೀವು ಸ್ನೇಹಿತರಾಗಿದ್ದು ಕಂಡ್ರೆ, ಫೈಲ್ ತೆಗೀತೀನಿ!"

ಅಬ್ಬಾ! ಅವರ ಜೀಪು ತಿರುವಿನಲ್ಲಿ ಮರೆಯಾದಾಗ ಮೂವರೂ ಮೆಟ್ಟಿಲ ಮೇಲೆ ಕುಸಿದು ಕೂತೆವು. ಆಚಾರ್ಯರು ತಮ್ಮ ಫ್ಲಾಸ್ಕಿನ ಚಹಾ ಹಂಚಿದರು. ನದಾಫರು ಮೂಗಿಗೆ ಒದ್ದೆ ಬಟ್ಟೆ ಹಿಡಿದುಕೊಂಡು ನಕ್ಕರು. ನಾನು ಒಳಗೆ ಹೋಗಿ ರೊಟ್ಟಿಯ ಬೆಲೆಯನ್ನು ಅರವತ್ತು ಮಾಡಿದೆ. ಯಾರೂ ಕೈಗೆ ಹೊಡೆಯಲಿಲ್ಲ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ?

ಮೊನ್ನೆ ಆಚಾರ್ಯರ ಮೊಮ್ಮಗಳ ಮದುವೆಗೆ ನಾನೂ ನದಾಫರ ಮನೆಯವರೂ ಒಂದೇ ಆಟೋದಲ್ಲಿ ಹೋಗಿದ್ದೆವು. ಪಂಕ್ತಿಯಲ್ಲಿ ಆಚಾರ್ಯರೇ ನಿಂತು, ಫ್ಯಾನನ್ನು ನನ್ನ ಕಡೆ ತಿರುಗಿಸಿ, ಒತ್ತಾಯ ಮಾಡಿ ಮೂರು ಹೋಳಿಗೆ ಬಡಿಸಿದರು. ತಿಂದು, ಕೈ ತೊಳೆದು, ನೇರವಾಗಿ ಪ್ರಕಾಶನಕ್ಕೆ ಬಂದು ಅವರ ಬಾಗಿಲಿಗೆ ಚೀಟಿ ಅಂಟಿಸಿದೆ: 'ಹೋಳಿಗೆಯಲ್ಲಿ ಏಲಕ್ಕಿ ಕಡಿಮೆ.'

ಏನು ಮಾಡುವುದು, ಕಾನೂನು ಕಾನೂನೇ.