ಚಿಕ್ಕಪ್ಪನ ಸೋಫಾದ ರಂಗಸೇವೆ

ಕನ್ನಡದ ಹವ್ಯಾಸಿ ರಂಗಭೂಮಿಗೆ ನಮ್ಮ ಚಿಕ್ಕಪ್ಪನಷ್ಟು ಸೇವೆ ಸಲ್ಲಿಸಿದವರು ಹೊಸ ತಿಪ್ಪಸಂದ್ರದಲ್ಲಿ ಇನ್ನೊಬ್ಬರಿಲ್ಲ. ಅವರು ನಟರಲ್ಲ, ನಿರ್ದೇಶಕರೂ ಅಲ್ಲ. ನಾಟಕ ಅವರಿಗೆ ಅರ್ಥವಾಗುತ್ತಿತ್ತು ಎಂಬುದಕ್ಕೂ ಪುರಾವೆಯಿಲ್ಲ. ಅವರ ಮನೆಯಲ್ಲಿ ಒಂದು ತೇಗದ ಸೋಫಾ ಇತ್ತು, ಅಷ್ಟೆ!

ತೊಂಬತ್ತರ ದಶಕದಲ್ಲಿ ಸುತ್ತಮುತ್ತ ಯಾವ ತಂಡ ನಾಟಕವಾಡಿದರೂ ಜಮೀನ್ದಾರನ ಮನೆಗೂ ಅದೇ ಸೋಫಾ, ಮಂತ್ರಿಯ ಮನೆಗೂ ಅದೇ ಸೋಫಾ. ಚಿಕ್ಕಪ್ಪ ಬಾಡಿಗೆ ಕೇಳುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಜಾಗ ಕೇಳುತ್ತಿದ್ದರು. ಕಲಾಭಿಮಾನವೇ? ಛೆ, ಸೋಫಾ ಕಾಯುವುದಕ್ಕೆ!

ಒಮ್ಮೆ ನಾಯಕ ಸಾಯುವ ದೃಶ್ಯ. ಸಭಾಂಗಣವೆಲ್ಲ ಮೂಗು ಒರೆಸಿಕೊಳ್ಳುತ್ತಿತ್ತು. ನಾಯಕ ವಿಷದ ಲೋಟವನ್ನು ಸೋಫಾದ ಕೈಯ ಮೇಲಿಟ್ಟ.

“ಪಾಲಿಶ್ ಹೋಗುತ್ತೆ ಕಣಯ್ಯಾ, ಕೆಳಗಿಡು!” ಎಂದರು ಚಿಕ್ಕಪ್ಪ.

ಪಾಪ, ಆತ ಲೋಟ ಕೆಳಗಿಟ್ಟು, ಪಂಚೆಯ ತುದಿಯಿಂದ ಸೋಫಾ ಒರೆಸಿ, ಆಮೇಲೆ ಸತ್ತ.

ಇಂಥವರ ಮನೆಗೆ ಒಂದು ಸಂಜೆ ರಾಮಮೂರ್ತಿ ನಗರದ ಯುವ ನಿರ್ದೇಶಕನೊಬ್ಬ ಬಂದ. ನಾನೂ ಅಲ್ಲೇ ಇದ್ದೆ. ಯುದ್ಧಕಾಲದಲ್ಲಿ ರಂಗೂನಿನಿಂದ ಕಾಡುಮೇಡು ದಾಟಿ ನಡೆದು ಬಂದು ಹಲಸೂರಿನಲ್ಲಿ ನೆಲೆಸಿದ ಸಂಸಾರವೊಂದರ ನಾಟಕವಂತೆ.

“ಸೋಫಾ ತಗೊಂಡೋಗಪ್ಪಾ,” ಎಂದರು ಚಿಕ್ಕಪ್ಪ ಉದಾರವಾಗಿ.

“ಬೇಡ ಸಾರ್. ಎಲ್ಲಾ ಬಿಟ್ಟು ಬಂದೋರು ಅವರು. ಅವರ ಮನೇಲಿ ಸೋಫಾ ಎಲ್ಲಿಂದ ಬರುತ್ತೆ?”

ಚಿಕ್ಕಪ್ಪನ ಮುಖ ಸಂಪುಟದಿಂದ ಕೈಬಿಟ್ಟ ಮಂತ್ರಿಯ ಮುಖವಾಯಿತು.

“ನಮಗೆ ಒಂದು ಗಾಲಿಕುರ್ಚಿ ಬೇಕಿತ್ತು ಸಾರ್…” ಎಂದು ಹುಡುಗ ನೆಲ ನೋಡಿದ.

ಆ ಮನೆಯಲ್ಲಿ ಗಾಲಿಕುರ್ಚಿ ಇತ್ತು. ಅದರಲ್ಲಿ ಚಿಕ್ಕಮ್ಮ ಇದ್ದರು. ಲಕ್ವ ಹೊಡೆದು ಕಾಲುಗಳ ಸ್ವಾಧೀನ ತಪ್ಪಿದಂದಿನಿಂದ ಅವರು ಗೇಟು ದಾಟಿರಲಿಲ್ಲ. ಮಗಳ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. “ಜನ ಅಯ್ಯೋ ಅಂತಾರೆ. ಆ ಅಯ್ಯೋ ನನಗೆ ಬೇಡ,” ಎನ್ನುತ್ತಿದ್ದರು. ಚಿಕ್ಕಪ್ಪ ಬೇಡಿಕೊಂಡು, ಜಗಳವಾಡಿ, ಕೊನೆಗೆ ಉಪವಾಸವನ್ನೂ ಕೂತು ಸೋತಿದ್ದರು. (ಉಪವಾಸ ಮಧ್ಯಾಹ್ನದವರೆಗೆ ನಡೆಯಿತು. ಚಿಕ್ಕಮ್ಮ ಬೇಕೆಂತಲೇ ಬಿಸಿಬೇಳೆಬಾತ್ ಮಾಡಿಸಿದ್ದರು.)

“ಅದೊಂದು ಕೇಳ್ಬೇಡ,” ಎಂದು ಚಿಕ್ಕಪ್ಪ ಗದರುವಷ್ಟರಲ್ಲಿ ಒಳಗಿನಿಂದ ಕುರ್ಚಿಯೇ ಉರುಳಿಕೊಂಡು ಬಂತು.

“ಯಾರಿಗಪ್ಪಾ ಕುರ್ಚಿ?” ಚಿಕ್ಕಮ್ಮ ಕೇಳಿದರು.

“ಆ ಮನೆ ತಾಯಿಗಮ್ಮಾ. ದಾರೀಲಿ ಅವಳ ಮಗು ತೀರಿಹೋಗುತ್ತೆ. ಇಲ್ಲಿಗೆ ಬಂದ್ಮೇಲೆ ಕಾಲಲ್ಲಿ ಶಕ್ತಿನೂ ಹೋಗ್ಬಿಡುತ್ತೆ. ಮನೇಲಿ ಯಾರೂ ಮಗು ಹೆಸರು ಎತ್ತಲ್ಲ.”

“ಕೊನೇಲಿ ಎದ್ದು ನಿಲ್ತಾಳಾ?”

ಹುಡುಗ ತಡವರಿಸಿದ. “ಇಲ್ಲಮ್ಮಾ. ಮಗು ಹೆಸರು ಹೇಳ್ತಾಳೆ. ಅಷ್ಟೇ.”

“ಹಾಗಾದ್ರೆ ಕುರ್ಚಿ ಕೊಡ್ತೀನಿ. ನಾನೂ ಬರ್ತೀನಿ. ಎದ್ದು ನಿಲ್ಲೋ ನಾಟಕ ಆಗಿದ್ರೆ ಬರ್ತಿರ್ಲಿಲ್ಲ.”

ಚಿಕ್ಕಪ್ಪ ತಮ್ಮ ಬಿಸಿ ಕಾಫಿಯ ಲೋಟವನ್ನು ಸೀದಾ ಸೋಫಾದ ಕೈಯ ಮೇಲಿಟ್ಟರು. ಪಾಲಿಶ್ ಹೋಯಿತು. ಅವರಿಗೆ ಗೊತ್ತೇ ಆಗಲಿಲ್ಲ.

ಭಾನುವಾರ ಸಂಜೆ ಚಿಕ್ಕಮ್ಮ ತಲೆತುಂಬ ಸೆರಗು ಹೊದ್ದರು. ಯಾರ ಕಣ್ಣಿಗೂ ಬೀಳಬಾರದೆಂದು ಅವರ ಅಪ್ಪಣೆಯಂತೆ ಹಿಂದಿನ ಗಲ್ಲಿಯಿಂದಲೇ ಶಾಲೆಯ ಸಭಾಂಗಣ ಸೇರಿದೆವು. ಕುರ್ಚಿ ವೇದಿಕೆ ಏರಿತು. ಚಿಕ್ಕಮ್ಮನನ್ನು ಎಲ್ಲರ ಹಾಗೆ ಮಡಿಸುವ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿದೆವು. ನಾಟಕ ಶುರುವಾದದ್ದೇ ತಡ, ಅವರ ಪ್ರಶ್ನೆಗಳೂ ಶುರುವಾದವು.

“ಇಷ್ಟೊಂದು ಯಾಕ್ರೀ ಅಳ್ತಾಳೆ? ಮೊದಲು ಕುರ್ಚಿಗೆ ಬ್ರೇಕ್ ಹಾಕ್ಕೊಬಾರದಾ!”

“ಶ್ಶ್!” ಎಂದರು ಹಿಂದಿನವರು.

“ಆ ಗಂಡ ಯಾಕೆ ಬಾಯಿ ಬಿಡಲ್ಲ?”

“ಹೆದರಿಕೆ ಇರುತ್ತೆ ಕಣೇ,” ಎಂದರು ಚಿಕ್ಕಪ್ಪ.

“ಯಾವುದಕ್ಕೆ?”



ಕೊನೆಗೆ ವೇದಿಕೆಯ ಮೇಲಿನ ತಾಯಿ ಸತ್ತ ಮಗುವಿನ ಹೆಸರು ಹೇಳಿದಳು. ಕೂತಲ್ಲಿಂದಲೇ ಹೇಳಿದಳು. ಚಿಕ್ಕಮ್ಮ ಅಳಲಿಲ್ಲ. ತಲೆಯ ಸೆರಗು ಯಾವಾಗಲೋ ಜಾರಿತ್ತು. ಅದನ್ನು ಸರಿಮಾಡಿಕೊಳ್ಳಲೂ ಇಲ್ಲ.

ನಾಟಕ ಮುಗಿದ ಮೇಲೆ ಚಿಕ್ಕಮ್ಮನನ್ನು ಮತ್ತೆ ಗಾಲಿಕುರ್ಚಿಯಲ್ಲಿ ಕೂರಿಸಿದೆವು. ಹೊರಗೆ ಬಂದು ಚಿಕ್ಕಪ್ಪ ಕುರ್ಚಿಯನ್ನು ಗಲ್ಲಿಯ ಕಡೆ ತಿರುಗಿಸಿದರು.

“ಮಾರ್ಕೆಟ್ ರಸ್ತೇಲೇ ಹೋಗೋಣ ಕಣ್ರೀ.”

“ಅಲ್ಲಿ ಜನ ಕಣೇ!”

“ಇರ್ಲಿ ಬಿಡಿ.”

ಭಾನುವಾರದ ಜಾತ್ರೆಯಂಥ ರಸ್ತೆ. ದೀಪಗಳೆಲ್ಲ ಉರಿಯುತ್ತಿದ್ದವು. ಹೂವಿನವಳು ಕುರ್ಚಿ ನೋಡಿದಳು, ಕಾಲು ನೋಡಿದಳು, ಆಮೇಲೆ ಮುಖ ನೋಡಿ ಕೂಗಿದಳು: “ಏನಮ್ಮಾ, ಕಾಣ್ಲೇ ಇಲ್ಲ! ಇಷ್ಟ್ ದಿನ ಎಲ್ಲೋಗಿದ್ರಿ?”

“ನಾಟಕಕ್ಕೆ ಹೋಗಿದ್ದೆ ಕಣಮ್ಮಾ,” ಎಂದರು ಚಿಕ್ಕಮ್ಮ.

ಯಾಕೋ ಕುರ್ಚಿ ಮುಂದೆ ಹೋಗಲಿಲ್ಲ. ತಿರುಗಿ ನೋಡಿದೆ. ಚಿಕ್ಕಪ್ಪ ಹಿಡಿಕೆ ಬಿಟ್ಟು, ನಡುರಸ್ತೆಯಲ್ಲಿ ನಿಂತು, ಎರಡೂ ಕೈಗಳಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಚಿಕ್ಕಮ್ಮ ಹಿಂತಿರುಗಿ ನೋಡದೆಯೇ ಹೇಳಿದರು: “ಏನ್ರೀ, ತಳ್ತೀರೋ, ಇಲ್ಲಾ ನಾನೇ ಇಳಿದು ನಡೀಲೋ?”